ಮಾಲ್‌ನಲ್ಲಿ ಅಂಗಡಿ ಹೆಸರಿನ ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕಿದರೆ ಟ್ರಾಲಿ ಬ್ಯಾಗ್ ಫ್ರೀ ಅಂತಿದ್ದಾರೆ. ಬ್ಯಾಗ್ ತಗೊಂಡು ಕಾರ್ಡ್ ಕ್ಲೋಸ್ ಮಾಡಬಹುದಾ?

ಮಾಡಬಹುದು. ಆದರೆ ಬ್ಯಾಗ್ ಯಾವಾಗ ಕೈಗೆ ಬರುತ್ತೆ ಅಂತ ಮೊದಲು ಕೇಳಿ. ಫಾರ್ಮ್ ತುಂಬಿದ ಕೂಡಲೇ ಕೊಡೋದು ಕಡಿಮೆ. ಸಾಮಾನ್ಯವಾಗಿ ಕಾರ್ಡ್ ಮಂಜೂರಾಗಿ, ಶುಲ್ಕ ಕಟ್ಟಿ, ಹೇಳಿದ ಗಡುವಿನೊಳಗೆ ಒಮ್ಮೆಯಾದರೂ ಸ್ವೈಪ್ ಮಾಡಿದ ಮೇಲೆಯೇ. ಕೌಂಟರ್‌ನವರ ಬಾಯಿಮಾತು ಲೆಕ್ಕಕ್ಕಿಲ್ಲ, ಷರತ್ತು ಬರಹದಲ್ಲಿ ನೋಡಿ. ಬಡ್ಡಿ, ಶುಲ್ಕಗಳನ್ನು ಒಂದೇ ಪುಟದಲ್ಲಿ ಬರೆದು ಅರ್ಜಿಯ ಜೊತೆ ಕೊಡಬೇಕು ಅನ್ನೋದು ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲೇ ಇದೆ. ಕೇಳಿ ಪಡೆಯಿರಿ.

ಶುಲ್ಕ ₹499 ಅಂದುಕೊಳ್ಳಿ. 18% ಜಿಎಸ್‌ಟಿ ಸೇರಿ ₹588.82. ಅದಕ್ಕೆ ಬದಲಾಗಿ ₹500ರ ವೋಚರ್, ಅದೂ ₹2,500 ಬಿಲ್ ಆದರೆ ಮಾತ್ರ ನಡೆಯೋದು ಅಂತಾದರೆ ಫ್ರೀ ಎಲ್ಲಿಂದ ಬಂತು? ಜೀವನಪೂರ್ತಿ ಶುಲ್ಕವಿಲ್ಲದ ಕಾರ್ಡ್ ಆದರೆ ಮಾತ್ರ ಯೋಚಿಸಿ.

ಕಾರ್ಡ್ ಮೇಲೆ ಅಂಗಡಿ ಹೆಸರಿದ್ದರೂ ಸಾಲ ಕೊಡೋದು ಬ್ಯಾಂಕ್ ಅಥವಾ ಕಾರ್ಡ್ ಕಂಪನಿಯೇ. ಹಾಗಾಗಿ ಅರ್ಜಿ ಹಾಕಿದಾಗ ನಿಮ್ಮ ಸಿಬಿಲ್ ವರದಿಯಲ್ಲಿ (ನಿಮ್ಮ ಸಾಲಗಳ ಇತಿಹಾಸದ ದಾಖಲೆ) ನೀವು ಸಾಲ ಕೇಳಿದ್ದು ದಾಖಲಾಗುತ್ತೆ. ಅರ್ಜಿ ತಿರಸ್ಕೃತವಾದರೂ ಅದು ಉಳಿಯುತ್ತೆ. ಒಂದೇ ತಿಂಗಳಲ್ಲಿ ನಾಲ್ಕೈದು ಕೌಂಟರ್‌ಗಳಲ್ಲಿ ಫಾರ್ಮ್ ತುಂಬಿದರೆ ಸಾಲಕ್ಕೆ ಹಾತೊರೆಯುವವರಂತೆ ಕಾಣುತ್ತೀರಿ. ಆರು ತಿಂಗಳೊಳಗೆ ಗೃಹಸಾಲ ತೆಗೆಯೋ ಯೋಚನೆ ಇದ್ದರೆ ಬ್ಯಾಗ್ ದುಡ್ಡು ಕೊಟ್ಟೇ ತಗೊಳ್ಳಿ.

ಆದಾಯದ ಕಾಲಂ ನೀವೇ ತುಂಬಿ. ಏಜೆಂಟ್‌ಗೆ ಕಮಿಷನ್ ಬೇಕು, ಕಾರ್ಡ್ ಸಿಗಲಿ ಅಂತ ಸಂಬಳ ಏರಿಸಿ ಬರೆಯೋರೂ ಇದ್ದಾರೆ. ಒಟಿಪಿ ಬಂದಾಗ ಫೋನ್ ಅವರ ಕೈಗೆ ಕೊಡಬೇಡಿ. ಮೆಸೇಜ್ ಪೂರ್ತಿ ಓದಿ. ವಿಮೆ, ಕಾರ್ಡ್ ರಕ್ಷಣೆ ಯೋಜನೆಗಳ ಮುಂದೆ ಮೊದಲೇ ಟಿಕ್ ಇದ್ದರೆ ತೆಗೆಸಿ.

ಕಾರ್ಡ್ ಬಂದ ಮೇಲೆ ಮನಸ್ಸು ಬದಲಾದರೆ ಆಕ್ಟಿವೇಟ್ ಮಾಡಬೇಡಿ. 30 ದಿನ ದಾಟಿದರೆ ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳಬೇಕು. ಕೊಡದಿದ್ದರೆ ಏಳು ಕೆಲಸದ ದಿನಗಳಲ್ಲಿ ಪುಕ್ಕಟೆಯಾಗಿ ಮುಚ್ಚಬೇಕು. ಉಡುಗೊರೆ ಮಾತ್ರ ಸಿಗಲ್ಲ.

ಸ್ವೈಪ್ ಮಾಡಿದವರು ಬಿಲ್ ಪೂರ್ತಿ ಕಟ್ಟಿ. ಕನಿಷ್ಠ ಮೊತ್ತವಷ್ಟೇ ಕಟ್ಟಿದರೆ ತಿಂಗಳಿಗೆ 3.5% ಆಸುಪಾಸು ಬಡ್ಡಿ ಓಡುತ್ತೆ, ಹೊಸ ಖರೀದಿಗೂ ಬಡ್ಡಿರಹಿತ ಅವಧಿ ಇರಲ್ಲ.

ಎಡವೋದು ಹೆಚ್ಚಾಗಿ ಮುಚ್ಚುವಾಗ. ಕಾರ್ಡ್ ಕತ್ತರಿಸಿದರೆ ಖಾತೆ ಮುಚ್ಚಲ್ಲ. ಮುಂದಿನ ವರ್ಷದ ಶುಲ್ಕ ಬೀಳುತ್ತೆ, ಅದಕ್ಕೆ ತಡಶುಲ್ಕ, ಬಡ್ಡಿ. ಪಾಯಿಂಟ್ಸ್ ಬಳಸಿ, ಬಾಕಿ ಸೊನ್ನೆ ಮಾಡಿ, ಇಮೇಲ್‌ನಲ್ಲಿ ಲಿಖಿತವಾಗಿ ಕೋರಿ. ಬಾಕಿ ಇಲ್ಲದಿದ್ದರೆ ಬ್ಯಾಂಕ್ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು. ತಡವಾದರೆ ದಿನಕ್ಕೆ ₹500 ನಿಮಗೆ ಕೊಡಬೇಕು. ಒಂದೆರಡು ತಿಂಗಳು ಬಿಟ್ಟು ಸಿಬಿಲ್ ವರದಿ ತೆಗೆದು (ವರ್ಷಕ್ಕೊಮ್ಮೆ ಉಚಿತ) ಖಾತೆ ‘ಕ್ಲೋಸ್ಡ್’ ಅಂತ ಇದೆಯಾ ನೋಡಿ.