ನ್ಯೂಜಿಲೆಂಡಿನಲ್ಲಿ ನಾವೇ ಕಾರು ಓಡಿಸಿಕೊಂಡು 12 ದಿನ: ಎರಡೂ ದ್ವೀಪ ನೋಡಬಹುದಾ?

ನಿಮ್ಮ ಪ್ರಶ್ನೆ ಇದು: ನೀವು ಚಿಂತಾಮಣಿಯವರು. ಮುಂದಿನ ಏಪ್ರಿಲ್ ರಜೆಯಲ್ಲಿ ಅಪ್ಪ, ಅಮ್ಮ, ಹೆಂಡತಿ, ಆರು ವರ್ಷದ ಮಗಳನ್ನು ಕರೆದುಕೊಂಡು ನ್ಯೂಜಿಲೆಂಡಿಗೆ ಹೋಗಬೇಕು. ಬಾಡಿಗೆ ಕಾರು ತೆಗೆದುಕೊಂಡು 12 ದಿನದಲ್ಲಿ ಉತ್ತರ ದ್ವೀಪ, ದಕ್ಷಿಣ ದ್ವೀಪ ಎರಡನ್ನೂ ಮುಗಿಸಬೇಕು. ದಿನಕ್ಕೆ 350-400 ಕಿ.ಮೀ. ಓಡಿಸಿದರೆ ಆಗುತ್ತಾ?

ಕಾರೇನೋ ಓಡುತ್ತದೆ. ಆದರೆ ಮೂರನೇ ದಿನಕ್ಕೆ ನಿಮ್ಮ ಅಪ್ಪ ಅಮ್ಮ ಸುಸ್ತಾಗಿರುತ್ತಾರೆ. ದಯವಿಟ್ಟು ಉತ್ತರ ದ್ವೀಪವನ್ನು ಈ ಸಲ ಬಿಟ್ಟುಬಿಡಿ. ದಕ್ಷಿಣ ದ್ವೀಪದಲ್ಲೂ ಪೂರ್ತಿ ಸುತ್ತು ಹಾಕಬೇಡಿ. ಒಂದೇ ದಾರಿ ಹಿಡಿದು ನಿಧಾನಕ್ಕೆ ಹೋಗಿ.

ನಾನು ಚಿಕ್ಕಬಳ್ಳಾಪುರದ ಹತ್ತಿರದ ಹಳ್ಳಿಯವನು, ನಮ್ಮದು ದ್ರಾಕ್ಷಿ ತೋಟ. ಎರಡು ವರ್ಷದ ಹಿಂದೆ, ಏಪ್ರಿಲ್‌ನಲ್ಲೇ, ಅಪ್ಪ, ಅಮ್ಮ, ಹೆಂಡತಿ ಜೊತೆ ಅಲ್ಲಿ 11 ರಾತ್ರಿ ಇದ್ದು ಬಂದೆ. ನಾನೂ ಮೊದಲು ನಿಮ್ಮ ಹಾಗೇ ಪಟ್ಟಿ ಮಾಡಿದ್ದೆ. ಹೆಂಡತಿ ಅದನ್ನು ನೋಡಿ ಅರ್ಧ ಹೊಡೆದುಹಾಕಿದಳು. ಆ ಉಪಕಾರವನ್ನು ಇವತ್ತಿಗೂ ನೆನೆಯುತ್ತೇನೆ.

ಮೊದಲು ಅಳತೆ ನೋಡಿ. ದಕ್ಷಿಣ ದ್ವೀಪ ಸುಮಾರು ಒಂದೂವರೆ ಲಕ್ಷ ಚದರ ಕಿ.ಮೀ. ಇಡೀ ಕರ್ನಾಟಕ 1,91,791. ಅಂದರೆ ನಮ್ಮ ರಾಜ್ಯದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ. ಅಲ್ಲಿರುವ ಜನ ಸುಮಾರು 12 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯೊಂದರಲ್ಲೇ ಹನ್ನೆರಡೂವರೆ ಲಕ್ಷ ಜನ ಇದ್ದರು! ನಮ್ಮ ಜಿಲ್ಲೆಯ ಜನವನ್ನು ಮೂವತ್ತು ಪಟ್ಟಿಗೂ ದೊಡ್ಡ ನೆಲದ ಮೇಲೆ ಹರಡಿದ ಹಾಗೆ. ಹಾಗಾಗಿ ರಸ್ತೆ ಖಾಲಿ. ಆದರೆ ಊರು ದಾಟಿದ ಮೇಲೆ ಹೆಚ್ಚಿನ ಕಡೆ ಆ ಕಡೆಗೊಂದು, ಈ ಕಡೆಗೊಂದು ಲೇನ್ ಅಷ್ಟೇ, ನಡುವೆ ಡಿವೈಡರ್ ಇಲ್ಲ. ಬಾಗೇಪಲ್ಲಿ ದಾಟಿ ಹೈದರಾಬಾದ್ ಹೆದ್ದಾರಿಯಲ್ಲಿ ಹೋದ ಹಾಗೆ ಕಣ್ಣು ಮುಚ್ಚಿ ಕಿಲೋಮೀಟರ್ ಎಣಿಸೋಕೆ ಆಗಲ್ಲ. ಅಲ್ಲಿ 100 ಅಂತ ಬೋರ್ಡ್ ಇದ್ದರೆ ಅದಕ್ಕಿಂತ ಜಾಸ್ತಿ ಹೋಗಬೇಡಿ ಅಂತ, ಅಷ್ಟು ಹೋಗಲೇಬೇಕು ಅಂತಲ್ಲ. ಕ್ರೈಸ್ಟ್‌ಚರ್ಚ್‌ನಿಂದ ಟೆಕಾಪೊ ಕೆರೆಗೆ ಸುಮಾರು 225 ಕಿ.ಮೀ. ಮ್ಯಾಪ್ ಮೂರು ಗಂಟೆ ತೋರಿಸಿತ್ತು. ನಮಗೆ ಐದೂವರೆ ಹಿಡಿಯಿತು. ಎಲ್ಲಿಯೂ ಟ್ರಾಫಿಕ್ ಇರಲಿಲ್ಲ, ನಿಲ್ಲಿಸಿ ನಿಲ್ಲಿಸಿ ಹೋದೆವು, ಅಷ್ಟೇ.

ನಾನು ಹೇಳುವ ದಾರಿ ಇದು. ಕ್ರೈಸ್ಟ್‌ಚರ್ಚ್‌ನಲ್ಲಿ ಇಳಿದು ಒಂದು ರಾತ್ರಿ. ಆಮೇಲೆ ಟೆಕಾಪೊ ಎರಡು, ವಾನಾಕ ಎರಡು, ಆರೋಟೌನ್ ಎರಡು, ಟೆ ಆನೌ ಮೂರು, ಕೊನೆಗೆ ಕ್ವೀನ್ಸ್‌ಟೌನ್ ಒಂದು. ಕಾರನ್ನು ಅಲ್ಲೇ ಬಿಟ್ಟು ವಿಮಾನ ಹತ್ತಿ. ಕಾರು ತೆಗೆದುಕೊಂಡ ಊರಿಗೇ ವಾಪಸ್ ಕೊಡದಿದ್ದರೆ ಸ್ವಲ್ಪ ಜಾಸ್ತಿ ದುಡ್ಡು ಕೇಳಬಹುದು, ಕೊಟ್ಟುಬಿಡಿ. ಒಂದು ಇಡೀ ದಿನ ಉಳಿಯುತ್ತದೆ. ಪಶ್ಚಿಮ ಕರಾವಳಿಯ ಫ್ರಾನ್ಜ್ ಜೋಸೆಫ್, ಹೋಕಿಟಿಕ ಕಡೆ ಹೋಗೋಕೆ ಇನ್ನೂ ನಾಲ್ಕೈದು ದಿನ ಬೇಕು. 12 ದಿನದಲ್ಲಿ ಅದನ್ನು ತುರುಕಬೇಡಿ.

ಇಳಿದ ದಿನವೇ ಕಾರು ಹತ್ತಬೇಡಿ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ಕಡೆಯವರಿಗೆ ದೇವನಹಳ್ಳಿ ವಿಮಾನ ನಿಲ್ದಾಣ ಪಕ್ಕದಲ್ಲೇ, ಆ ಲೆಕ್ಕದಲ್ಲಿ ನಾವು ಪುಣ್ಯವಂತರು. ಆದರೆ ಅಲ್ಲಿಂದ ಸಿಂಗಪುರ, ಸಿಂಗಪುರದಿಂದ ಮತ್ತೆ ಸುಮಾರು ಹತ್ತು ಗಂಟೆ. ಏಪ್ರಿಲ್ ಮಧ್ಯದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಆರೂವರೆ ಗಂಟೆ ಮುಂದೆ. ನಿದ್ದೆಗಣ್ಣಿನಲ್ಲಿ ಹೊಸ ದೇಶದ ರಸ್ತೆ ಬೇಡ.

ನಮಗೆ ಒಂದು ಅನುಕೂಲ ಇದೆ. ಅಲ್ಲೂ ಎಡಗಡೆಯೇ ಓಡಿಸುವುದು, ಸ್ಟೇರಿಂಗ್ ಬಲಕ್ಕೇ ಇರುತ್ತದೆ. ರೌಂಡಬೌಟ್‌ನಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಮತ್ತು ಅಲ್ಲಿ ಎಲ್ಲರೂ ನಿಜವಾಗಿಯೂ ಬಿಡುತ್ತಾರೆ. ಹಾರ್ನ್ ಮಾಡುವುದನ್ನು ಮರೆತುಬಿಡಿ. ಹಿಂದೆ ಕಾರುಗಳು ಸಾಲುಗಟ್ಟಿದರೆ ಪಕ್ಕದಲ್ಲಿ ಜಾಗ ಸಿಕ್ಕ ಕಡೆ ಸರಿದು ಮುಂದೆ ಬಿಡಿ. ಶಾಲಾ ಬಸ್ ನಿಂತು ಮಕ್ಕಳನ್ನು ಇಳಿಸುತ್ತಿದ್ದರೆ, ನೀವು ಯಾವ ಕಡೆಯಿಂದ ಬರುತ್ತಿದ್ದರೂ 20ರ ವೇಗದಲ್ಲೇ ದಾಟಬೇಕು.

ನಮಗೆ ಹೊಸದು ಅನ್ನಿಸಿದ್ದು ಒಂದೇ ಲೇನಿನ ಸೇತುವೆ. ಹೆದ್ದಾರಿಯಲ್ಲೇ ಬರುತ್ತದೆ. ಬೋರ್ಡಿನಲ್ಲಿ ಎರಡು ಬಾಣ ಇರುತ್ತವೆ. ನಿಮ್ಮ ಕಡೆಯ ಬಾಣ ಚಿಕ್ಕದಾಗಿ ಕೆಂಪಗಿದ್ದರೆ ನೀವು ನಿಲ್ಲಬೇಕು, ಎದುರಿನವರು ಬರಲಿ. ದೊಡ್ಡದಾಗಿ ಬೆಳ್ಳಗಿದ್ದರೆ ನಿಮಗೆ ಮೊದಲ ಹಕ್ಕು. ಆಗಲೂ ಎದುರುಗಡೆ ನೋಡಿಯೇ ಹತ್ತಿ. ಮೊದಲ ಸೇತುವೆಯಲ್ಲಿ ನಾನು ಕೆಂಪು ಬಾಣಕ್ಕೆ ನಿಂತೆ. ಎದುರಿಂದ ಬಂದ ಮುದುಕರೊಬ್ಬರು ಸ್ಟೇರಿಂಗ್ ಮೇಲಿಂದ ಒಂದೇ ಒಂದು ಬೆರಳು ಎತ್ತಿ ಥ್ಯಾಂಕ್ಸ್ ಹೇಳಿ ಹೋದರು. ಅಲ್ಲಿಂದ ಮುಂದೆ ಇಡೀ ಪ್ರಯಾಣ ಅಮ್ಮ ಹಿಂದಿನ ಸೀಟಿನಿಂದ ಬಾಣದ ಬಣ್ಣ ಕೂಗಿ ಹೇಳುತ್ತಿದ್ದರು.

ಲೈಸೆನ್ಸ್ ವಿಷಯ. ನಮ್ಮ ಕಾರ್ಡಿನಲ್ಲಿ ವಿವರ ಇಂಗ್ಲಿಷ್‌ನಲ್ಲೇ ಇರುವುದರಿಂದ ಅದು ನಡೆಯುತ್ತದೆ. ಆದರೂ ನಿಮ್ಮ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಒಂದು ಮಾಡಿಸಿಕೊಳ್ಳಿ. ಮೂಲ ಕಾರ್ಡ್ ಕೈಯಲ್ಲೇ ಇರಬೇಕು, ಫೋನಿನಲ್ಲಿರುವ ಪ್ರತಿ ನಂಬಿಕೊಂಡು ಹೋಗಬೇಡಿ. ಓಡಿಸುವವರು ಇಬ್ಬರಾದರೆ ಇಬ್ಬರ ಹೆಸರೂ ಒಪ್ಪಂದದಲ್ಲಿ ಬರಲಿ. ಏಳು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಮಕ್ಕಳ ಸೀಟು ಕಡ್ಡಾಯ, ನಿಮ್ಮ ಮಗಳಿಗೆ ಆರು ಅಂದಿರಿ, ಅಲ್ವಾ? ಕಾರಿನ ಜೊತೆಗೇ ಸೀಟನ್ನೂ ಬುಕ್ ಮಾಡಿ.

ಕಾರು ಪೆಟ್ರೋಲಿನದೇ ಇರಲಿ. ಡೀಸೆಲ್ ಅಗ್ಗ ಅನ್ನಿಸುತ್ತದೆ, ಆದರೆ ಡೀಸೆಲ್ ಗಾಡಿಗೆ ಓಡಿದ ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ತೆರಿಗೆ ಬೇರೆ ಇದೆ, ಬಾಡಿಗೆಯವರು ಅದನ್ನು ನಿಮ್ಮ ಬಿಲ್ಲಿಗೆ ಸೇರಿಸುತ್ತಾರೆ. ವಿಮೆಯಲ್ಲಿ ನಾನು ಕೈ ಸುಟ್ಟುಕೊಂಡೆ. ಕಡಿಮೆ ದುಡ್ಡಿನದು ತೆಗೆದುಕೊಂಡಿದ್ದೆ. ನಾಲ್ಕನೇ ದಿನ ಮುಂದೆ ಹೋಗುತ್ತಿದ್ದ ಲಾರಿಯಿಂದ ಒಂದು ಜಲ್ಲಿ ಹಾರಿ ಮುಂದಿನ ಗಾಜಿಗೆ ಬಡಿಯಿತು. ಹುಣಸೆ ಬೀಜದಷ್ಟು ಗುರುತು. ಕಾರು ವಾಪಸ್ ಕೊಡುವಾಗ ಪೂರ್ತಿ ಗಾಜಿನ ದುಡ್ಡು ಕಟ್ಟಿಸಿಕೊಂಡರು. ಗಾಜು ಮತ್ತು ಟೈರು ಸೇರಿದೆಯಾ ಅಂತ ಕೇಳಿಯೇ ಸಹಿ ಹಾಕಿ.

ಈಗ ನೋಡುವ ವಿಷಯಕ್ಕೆ ಬರುತ್ತೇನೆ. ಯಾಕೆ ಇದೇ ದಾರಿ ಅಂದರೆ, ಇದು ಒಣ ನೆಲದಿಂದ ನೀರಿನ ಕಡೆಗೆ ಹೋಗುತ್ತದೆ. ಸದರ್ನ್ ಆಲ್ಪ್ಸ್ ಅಂತ ಬೆಟ್ಟದ ಸಾಲು ದ್ವೀಪದ ಬೆನ್ನುಮೂಳೆಯ ಹಾಗೆ ಉದ್ದಕ್ಕೂ ಇದೆ. ಪಶ್ಚಿಮದ ಸಮುದ್ರದಿಂದ ಬರುವ ಮೋಡ ಅದಕ್ಕೆ ಬಡಿದು ಆ ಕಡೆಯೇ ಮಳೆ ಸುರಿಸಿ ಖಾಲಿಯಾಗುತ್ತದೆ. ಪೂರ್ವಕ್ಕೆ ಉಳಿಯುವುದು ಒಣ ಗಾಳಿ. ನಮ್ಮದೇ ಕಥೆ ಅಲ್ವಾ ಇದು? ಆಗುಂಬೆಯಲ್ಲಿ ಸುರಿದು ಮುಗಿದ ಮೇಲೆ ನಮ್ಮ ಬಯಲುಸೀಮೆಗೆ ಎಷ್ಟು ಉಳಿಯುತ್ತದೋ ಅಷ್ಟು.

ಟೆಕಾಪೊ, ಪುಕಾಕಿ ಕೆರೆಗಳ ನೀರು ಹಾಲು ಬೆರೆಸಿದ ನೀಲಿ. ಫೋಟೊದಲ್ಲಿ ನೋಡಿ ಬಣ್ಣ ಹಾಕಿದ್ದಾರೆ ಅಂದುಕೊಂಡಿದ್ದೆ. ಇಲ್ಲ, ಹಾಗೇ ಇದೆ. ಮೇಲೆ ಹಿಮನದಿ ಬೀಸೋ ಕಲ್ಲಿನ ಹಾಗೆ ಬಂಡೆಯನ್ನು ಅರೆಯುತ್ತಾ ಇಳಿಯುತ್ತದೆ. ಆ ನುಣ್ಣನೆಯ ಹಿಟ್ಟು ತಳಕ್ಕೆ ಇಳಿಯದೆ ನೀರಿನಲ್ಲೇ ತೇಲುತ್ತದೆ, ಬಿಸಿಲು ಬಿದ್ದಾಗ ಆ ಬಣ್ಣ. ಪುಕಾಕಿಯ ತುದಿಯಲ್ಲಿ ಆವೊರಾಕಿ, ಅಂದರೆ ಮೌಂಟ್ ಕುಕ್, 3,724 ಮೀಟರ್. ನಮ್ಮ ನಂದಿ ಬೆಟ್ಟ 1,478. ಟೆಕಾಪೊದಲ್ಲಿ ಎರಡು ರಾತ್ರಿ ಅಂದದ್ದು ಅದಕ್ಕೇ: ಒಂದು ದಿನ ಮೋಡ ಇದ್ದರೂ ಇನ್ನೊಂದು ದಿನ ಬೆಟ್ಟ ಕಾಣಬಹುದು. ಅಲ್ಲಿ ರಾತ್ರಿ ದೀಪದ ಬೆಳಕು ಕಡಿಮೆ ಇರಬೇಕು ಅಂತ ನಿಯಮವೇ ಇದೆ. ಅಪ್ಪ ಕಂಬಳಿ ಹೊದ್ದುಕೊಂಡು ಹೊರಗೆ ನಿಂತು, ಚಿಕ್ಕಂದಿನಲ್ಲಿ ಕಣದಲ್ಲಿ ಮಲಗಿದಾಗ ಇಷ್ಟು ನಕ್ಷತ್ರ ನೋಡಿದ್ದೆ ಅಂದರು.

ವಾನಾಕದಿಂದ ಆರೋಟೌನ್‌ಗೆ ಎರಡು ದಾರಿ. ಕ್ರೌನ್ ರೇಂಜ್ ಮೇಲಿನ ದಾರಿ ಹತ್ತಿರ, ನೋಟವೂ ಚೆನ್ನ, ಆದರೆ ತಿರುವು ಜಾಸ್ತಿ. ಅಮ್ಮನಿಗೆ ನಂದಿ ಬೆಟ್ಟದ ತಿರುವಿನಲ್ಲೇ ಹೊಟ್ಟೆ ತೊಳಸುತ್ತದೆ. ಹಾಗಾಗಿ ಕ್ರಾಮ್‌ವೆಲ್ ಸುತ್ತಿಕೊಂಡು ಹೋದೆವು. ಅದರಿಂದ ಗಿಬ್ಸ್‌ಟನ್ ಕಣಿವೆಯ ದ್ರಾಕ್ಷಿ ತೋಟ ಸಿಕ್ಕವು. ಏಪ್ರಿಲ್ ಅಲ್ಲಿ ಕೊಯ್ಲಿನ ಕಾಲ. ಸಾಲಿನ ಮೇಲೆ ಬಿಳಿ ಬಲೆ ಹೊದಿಸಿದ್ದರು, ಹಕ್ಕಿ ಕಾಟಕ್ಕೆ. ಅಪ್ಪ ಕಾರು ನಿಲ್ಲಿಸು ಅಂದರು. ಬೇಲಿಯ ಹತ್ತಿರ ಕೂತು ನೋಡಿ, "ಏನಪ್ಪಾ, ಚಪ್ಪರನೇ ಇಲ್ವಲ್ಲ" ಅಂದರು. ನಮ್ಮಲ್ಲಿ ತಲೆ ಎತ್ತರದ ಚಪ್ಪರಕ್ಕೆ ಬಳ್ಳಿ ಹಬ್ಬಿಸುತ್ತೇವೆ. ಅಲ್ಲಿ ಬೇಲಿಯ ಹಾಗೆ ತಂತಿಗೆ ನೆಟ್ಟಗೆ ಕಟ್ಟುತ್ತಾರೆ, ಚಳಿ ದೇಶದಲ್ಲಿ ಗೊಂಚಲಿಗೆ ಬಿಸಿಲು ಬೀಳಲಿ ಅಂತ. ಮಣ್ಣೆಲ್ಲ ಬರೀ ಜಲ್ಲಿ. ಬುಡದಲ್ಲಿ ಕಪ್ಪು ಡ್ರಿಪ್ ಪೈಪು. ಆ ಕ್ರಾಮ್‌ವೆಲ್ ಸೀಮೆಯ ಮಳೆ ವರ್ಷಕ್ಕೆ ಸುಮಾರು 400 ಮಿ.ಮೀ., ನಮಗಿಂತಲೂ ಕಡಿಮೆ. ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಒಂದು ಗೊಂಚಲು ತಂದು ಅಪ್ಪನ ಕೈಗೆ ಕೊಟ್ಟ. ಸಣ್ಣ ಕಾಳು, ದಪ್ಪ ಸಿಪ್ಪೆ, ವೈನಿನ ತಳಿ. ಅರ್ಧ ಗಂಟೆ ಅಲ್ಲೇ ಕಳೆಯಿತು. ದಿನಕ್ಕೆ 400 ಕಿ.ಮೀ. ಲೆಕ್ಕ ಇಟ್ಟುಕೊಂಡಿದ್ದರೆ ನಾನು ಕಾರು ನಿಲ್ಲಿಸುತ್ತಿರಲಿಲ್ಲ.

ಅದಾದ ಮೂರನೇ ದಿನ ಮಿಲ್ಫರ್ಡ್ ಸೌಂಡ್. ಕಡಿದಾದ ಬೆಟ್ಟಗಳ ನಡುವೆ ಸಮುದ್ರ ಒಳಗೆ ಚಾಚಿಕೊಂಡಿರುವ ಜಾಗ ಅದು, ದೋಣಿಯಲ್ಲಿ ಹೋಗಿ ನೋಡುವುದು. ಟೆ ಆನೌನಿಂದ ಸುಮಾರು 120 ಕಿ.ಮೀ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. ದಾರಿಯಲ್ಲಿ ಹೆಚ್ಚಿನ ಕಡೆ ಫೋನ್ ಸಿಗ್ನಲ್ ಸಿಗುವುದಿಲ್ಲ, ಮ್ಯಾಪ್ ಇಳಿಸಿಕೊಂಡಿರಿ. ತುಂಬಾ ಜನ ಕ್ವೀನ್ಸ್‌ಟೌನ್‌ನಿಂದ ಒಂದೇ ದಿನದಲ್ಲಿ ಹೋಗಿ ಬರುತ್ತಾರೆ. ಹೋಗಿ ಬರೋಕೆ 580 ಕಿ.ಮೀ. ಆಗುತ್ತದೆ, ಬೇಡವೇ ಬೇಡ. ಟೆ ಆನೌನಲ್ಲಿ ಮೂರು ರಾತ್ರಿ ಇದ್ದರೆ ಹವಾಮಾನ ನೋಡಿ ದಿನ ಆರಿಸಬಹುದು. ಹೋಮರ್ ಸುರಂಗ ದಾರಿಯಲ್ಲೇ ಬರುತ್ತದೆ. 1935ರಲ್ಲಿ ಗುದ್ದಲಿ, ಪಿಕಾಸಿ ಹಿಡಿದು ಶುರು ಮಾಡಿದ್ದು. 1.2 ಕಿ.ಮೀ. ಅಷ್ಟೇ, ಆದರೂ ಮುಗಿಯೋಕೆ ಹದಿನೆಂಟು ವರ್ಷ ಹಿಡಿಯಿತು. ಗೋಡೆ ಇನ್ನೂ ಒರಟು ಬಂಡೆ, ಇಳಿಜಾರು ಕಡಿದು. ಅದರ ಬಾಯಿಯ ಹತ್ತಿರ ಕೀಯ ಅನ್ನುವ ಬೆಟ್ಟದ ಗಿಳಿಗಳು ಕಾರಿನ ಮೇಲೆ ಕೂತು ಕಿಟಕಿಯ ರಬ್ಬರ್ ಕೀಳುತ್ತವೆ. ತಿನ್ನೋಕೆ ಏನೂ ಕೊಡಬೇಡಿ.

ನಾವು ಹೋದ ದಿನ ಮಳೆ. ನನಗೆ ಬೇಜಾರಾಗಿತ್ತು. ಸುರಂಗ ದಾಟಿ ಆ ಕಡೆ ಬಂದ ಮೇಲೆ ಮಾತೇ ನಿಂತುಹೋಯಿತು. ಎರಡೂ ಕಡೆಯ ಬಂಡೆ ಗೋಡೆಯ ಉದ್ದಕ್ಕೂ ನೂರಾರು ಜಲಪಾತ. ಹೆಸರಿಲ್ಲದವು, ಮಳೆ ನಿಂತರೆ ಮಾಯವಾಗುವವು. ಅಲ್ಲಿ ವರ್ಷಕ್ಕೆ 6 ಮೀಟರ್‌ಗೂ ಜಾಸ್ತಿ ಮಳೆ. ನಮ್ಮ ತೋಟದ ಬೋರ್ 1,300 ಅಡಿಗೆ ಇಳಿದಿದೆ. ನಂದಿಯ ಸುತ್ತ ಪೆನ್ನಾರ್, ಪಾಲಾರ್, ಅರ್ಕಾವತಿ ಹುಟ್ಟುತ್ತವೆ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಹರಿಯುವುದನ್ನು ನೋಡಿದ್ದು ಎಷ್ಟು ಸಲ? ಅಪ್ಪ ಛತ್ರಿ ಬಿಚ್ಚದೆ ನಿಂತಿದ್ದರು. "ಇಷ್ಟೊಂದು ನೀರು ಹಂಗೇ ಸಮುದ್ರಕ್ಕೆ ಹೋಗುತ್ತಲ್ಲಪ್ಪಾ" ಅಂದರು. ಮಳೆ ಇದೆ ಅಂತ ಮಿಲ್ಫರ್ಡ್ ದೋಣಿ ಬುಕಿಂಗ್ ರದ್ದು ಮಾಡಬೇಡಿ. ಟೆ ಆನೌನಿಂದ ಹೊರಡುವ ಮುಂಚೆ ರಸ್ತೆ ತೆರೆದಿದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಏಪ್ರಿಲ್ ಅಲ್ಲಿ ಎಲೆ ಹಳದಿಯಾಗುವ ಕಾಲ, ಆರೋಟೌನ್ ಆಗ ತುಂಬಾ ಚೆನ್ನ. ಆದರೆ ಆರು, ಆರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕತ್ತಲಾದ ಮೇಲೆ ಓಡಿಸುವ ಹಾಗೆ ಪ್ಲಾನ್ ಮಾಡಬೇಡಿ. ಅಲ್ಲಿನ ಶಾಲೆಗಳಿಗೂ ಆ ತಿಂಗಳು ರಜೆ ಬರುವುದರಿಂದ ರೂಮು ಬೇಗ ತುಂಬುತ್ತವೆ. ಅಡುಗೆಮನೆ ಇರುವ ಮೋಟೆಲ್ ಹುಡುಕಿ. ಅಮ್ಮಂದಿರಿಗೆ ರಾತ್ರಿ ಅನ್ನ, ಸಾರು ಸಿಕ್ಕರೆ ಮಾರನೇ ದಿನದ ಪ್ರಯಾಣ ಹಗುರ.

ಕೊನೆಯದಾಗಿ ಬ್ಯಾಗು. ಅಲ್ಲಿ ಇಳಿದಾಗ ಯಾವುದೇ ತಿನ್ನುವ ಪದಾರ್ಥ ಇದ್ದರೂ ಫಾರ್ಮಿನಲ್ಲಿ ಬರೆಯಬೇಕು. ಬರೆಯದೆ ಸಿಕ್ಕಿಬಿದ್ದರೆ ಅಲ್ಲೇ 400 ಡಾಲರ್ ದಂಡ. ನಾನು ಎಲ್ಲ ಬರೆದಿದ್ದೆ, ತೋಟಕ್ಕೆ ಹೋಗಿದ್ದ ಬೂಟು ಇದೆ ಅಂತ ಕೂಡ. ಅಧಿಕಾರಿ ಬೂಟು ತಿರುಗಿಸಿ, ಅಡಿಯಲ್ಲಿ ಮೆತ್ತಿದ್ದ ನಮ್ಮ ಕೆಮ್ಮಣ್ಣು ನೋಡಿ, ಒಳಗೆ ಒಯ್ದು ತೊಳೆದು ತಂದುಕೊಟ್ಟರು. ಹುಳಿಪುಡಿ, ಚಟ್ನಿಪುಡಿ ಮೂಸಿ ನೋಡಿ ಬಿಟ್ಟರು. ಅಮ್ಮ ಇಟ್ಟಿದ್ದ ಒಣ ಅವರೆಕಾಳಿನ ಪೊಟ್ಟಣ ಮಾತ್ರ ತೆಗೆದುಕೊಂಡರು, ಮೊಳಕೆ ಬರುವ ಕಾಳು ಅಂತ. ಬರೆದಿದ್ದರಿಂದ ದಂಡ ಬೀಳಲಿಲ್ಲ. ಹೊರಡುವ ಮುಂಚೆ ನಿಮ್ಮ ಬೂಟಿನ ಅಡಿಭಾಗ ಬ್ರಷ್ ಹಾಕಿ ತೊಳೆದು ಒಣಗಿಸಿ, ಮತ್ತು ಕಾಳು ಬೇಡ ಅಂತ ನಿಮ್ಮ ಅಮ್ಮನಿಗೆ ಈಗಲೇ ಹೇಳಿಡಿ.