ಸಂಸತ್ತಿಗೆ ಅರ್ಜಿ: ಸಾವಿರ ಸಹಿಗಿಂತ ಕೊನೆಯ ಪ್ಯಾರಾ ಮುಖ್ಯ

ಪ್ರಶ್ನೆ: ನಮ್ಮೂರಿನ ರೈಲ್ವೆ ಗೇಟ್ ಮುಚ್ಚಿದಾಗಲೆಲ್ಲ ಆಂಬುಲೆನ್ಸ್ ಕೂಡ ಸಿಕ್ಕಿಹಾಕಿಕೊಳ್ಳುತ್ತದೆ. ಕೆಳಸೇತುವೆ ಬೇಕೆಂದು ಆನ್‌ಲೈನ್‌ನಲ್ಲಿ ಸಾವಿರಾರು ಸಹಿ ಸಂಗ್ರಹಿಸಿದ್ದೇವೆ. ಇದನ್ನು ಸಂಸತ್ತಿಗೆ ಸಲ್ಲಿಸುವುದು ಹೇಗೆ? ಸಂಸದರ ಮೂಲಕವೇ ಹೋಗಬೇಕೇ?

ಉತ್ತರ: ಸಂಸದರು ಸದನದಲ್ಲಿ ಮಂಡಿಸಿದರೆ ಒಳ್ಳೆಯದು, ಆದರೆ ಕಡ್ಡಾಯವಲ್ಲ. ಲೋಕಸಭೆಯ ಸೆಕ್ರೆಟರಿ ಜನರಲ್ ಅವರಿಗೆ ನೀವೇ ನೇರವಾಗಿ ಕಳುಹಿಸಬಹುದು. ಸಂಸದರು ಮಂಡಿಸುವುದಾದರೆ ಅರ್ಜಿಗೆ ಅವರ ಮೇಲುರುಜು ಬೇಕು.

ಆನ್‌ಲೈನ್ ಸಹಿಗಳನ್ನು ನೆಚ್ಚಿಕೊಳ್ಳಬೇಡಿ. ಬ್ರಿಟನ್‌ನಲ್ಲಿ 1,00,000 ಸಹಿ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ನಮ್ಮಲ್ಲಿ ಅಂಥ ಲೆಕ್ಕವೇ ಇಲ್ಲ. ಒಬ್ಬರ ಸಹಿ ಇದ್ದರೂ ಅರ್ಜಿ ಅರ್ಜಿಯೇ. ಆದರೆ ಸಹಿ ಹಾಕಿದ ಪ್ರತಿಯೊಬ್ಬರ ಪೂರ್ಣ ಹೆಸರು, ವಿಳಾಸ ಇರಬೇಕು, ಸಹಿ ಅಥವಾ ಹೆಬ್ಬೆಟ್ಟು ಕಾಗದದ ಮೇಲೆಯೇ ಬೀಳಬೇಕು. ಕನಿಷ್ಠ ಒಂದು ಸಹಿ ಅರ್ಜಿ ಬರೆದ ಹಾಳೆಯಲ್ಲೇ ಇರಲಿ. ಸಹಿಗಳು ಹೆಚ್ಚು ಹಾಳೆಗಳಿಗೆ ಹರಡಿದರೆ ಪ್ರತಿ ಹಾಳೆಯ ತಲೆಯಲ್ಲೂ ಕೋರಿಕೆಯನ್ನು ಮತ್ತೆ ಬರೆಯಬೇಕು. ಜನ ಯಾವುದಕ್ಕೆ ಸಹಿ ಹಾಕಿದರು ಎಂಬ ಅನುಮಾನ ಉಳಿಯಬಾರದಲ್ಲ.

ಅರ್ಜಿಯನ್ನು ಸಚಿವರಿಗಲ್ಲ, 'ಲೋಕಸಭೆಗೆ' ಎಂದು ಬರೆಯಿರಿ. ಭಾಷೆ ಸಂಯಮದ್ದಾಗಿರಲಿ. ಕನ್ನಡದಲ್ಲಿ ಬರೆದರೆ ಅರ್ಜಿದಾರರ ಸಹಿಯುಳ್ಳ ಹಿಂದಿ ಅಥವಾ ಇಂಗ್ಲಿಷ್ ಅನುವಾದ ಜೊತೆಗಿರಬೇಕು. ಪತ್ರಿಕಾ ತುಣುಕು, ಅಫಿಡವಿಟ್, ಹಳೆಯ ಪತ್ರಗಳನ್ನು ಲಗತ್ತಿಸುವಂತಿಲ್ಲ. ಗೇಟ್ ಸಂಖ್ಯೆ, ಮುಚ್ಚಿರುವ ಅವಧಿ, ರೈಲ್ವೆಯವರು ಈವರೆಗೆ ಕೊಟ್ಟ ಉತ್ತರ ಎಲ್ಲವೂ ಅರ್ಜಿಯ ಒಡಲಲ್ಲೇ ಬರಬೇಕು.

ಬಹುತೇಕ ಅರ್ಜಿಗಳು ಸೊರಗುವುದು ಕೊನೆಯ ಪ್ಯಾರಾದಲ್ಲಿ. 'ಸೂಕ್ತ ಕ್ರಮ ಕೈಗೊಳ್ಳಬೇಕು' ಎಂದರೆ ಸಚಿವಾಲಯ 'ಪರಿಶೀಲನೆಯಲ್ಲಿದೆ' ಎಂದು ಉತ್ತರಿಸಿ ಕೈತೊಳೆದುಕೊಳ್ಳುತ್ತದೆ. ಬದಲಿಗೆ 'ಈ ಸಂಖ್ಯೆಯ ಗೇಟ್ ಬಳಿ ಕೆಳಸೇತುವೆ ಮಂಜೂರು ಮಾಡಿ, ಕಾಮಗಾರಿಗೆ ಕಾಲಮಿತಿ ನಿಗದಿಪಡಿಸುವಂತೆ ರೈಲ್ವೆ ಸಚಿವಾಲಯಕ್ಕೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ' ಎನ್ನಿ. ಹೌದು ಅಥವಾ ಇಲ್ಲ ಎಂದು ಹೇಳಲೇಬೇಕಾದ ಕೋರಿಕೆ ಅದು.

ಇದೇ ವಿಷಯ ನ್ಯಾಯಾಲಯದಲ್ಲೋ ನ್ಯಾಯಮಂಡಳಿಯಲ್ಲೋ ಇದ್ದರೆ ಅರ್ಜಿ ಅಂಗೀಕಾರವಾಗದು. ರಾಜ್ಯ ಶಾಸಕಾಂಗದಲ್ಲಿ ಎತ್ತಬೇಕಾದ ವಿಷಯವೂ ಅಷ್ಟೇ. ಪಂಚಾಯಿತಿ ರಸ್ತೆ, ಕೆರೆ ಒತ್ತುವರಿಗೆ ಬೆಂಗಳೂರಿನ ವಿಧಾನಸಭೆಯ ಅರ್ಜಿ ಸಮಿತಿಯೇ ದಾರಿ. ರೈಲ್ವೆ ಕೇಂದ್ರದ್ದಾದ್ದರಿಂದ ನಿಮಗೆ ಆ ತೊಡಕಿಲ್ಲ. ಒಂದೂರಿನ ಬೇಡಿಕೆ ಸಾರ್ವಜನಿಕ ಮಹತ್ವದ ವಿಷಯವಲ್ಲ ಎನಿಸಿ ಅರ್ಜಿಯಾಗಿ ನಿಲ್ಲದಿದ್ದರೂ, ಲೋಕಸಭೆಯ ಅರ್ಜಿ ಸಮಿತಿ ಮನವಿ ಪತ್ರಗಳನ್ನೂ ಪರಿಶೀಲಿಸುತ್ತದೆ. ಆದರೆ ಬೇರೆಯವರಿಗೆ ಬರೆದ ಪತ್ರದ ಕೆಳಗೆ 'ಪ್ರತಿ: ಲೋಕಸಭಾಧ್ಯಕ್ಷರು' ಎಂದು ಸೇರಿಸಿ ಕಳುಹಿಸಿದರೆ ಸಾಮಾನ್ಯವಾಗಿ ಪರಿಗಣಿಸುವುದಿಲ್ಲ.

ಸದನದಲ್ಲಿ ಅರ್ಜಿಯ ಮೇಲೆ ಚರ್ಚೆ ನಡೆಯದು. ಅದು ಸ್ಪೀಕರ್ ನೇಮಿಸುವ 15 ಸದಸ್ಯರ ಅರ್ಜಿ ಸಮಿತಿಗೆ ಹೋಗುತ್ತದೆ. ಸಮಿತಿ ಸಚಿವಾಲಯದ ವಿವರಣೆ ಕೇಳುತ್ತದೆ, ಬೇಕಾದರೆ ಅಧಿಕಾರಿಗಳನ್ನು ಕರೆಸಿ ವಿಚಾರಿಸುತ್ತದೆ, ವರದಿ ಕೊಡುತ್ತದೆ. ಶಿಫಾರಸು ಆದೇಶವಲ್ಲ ನಿಜ, ಆದರೆ ಏನು ಮಾಡಿದಿರಿ ಎಂಬ ಸಮಿತಿಯ ಪ್ರಶ್ನೆಗೆ ಸಚಿವಾಲಯ ಲಿಖಿತವಾಗಿ ಉತ್ತರಿಸಬೇಕಾಗುತ್ತದೆ.

ಲೋಕಸಭೆ ವಿಸರ್ಜನೆಯಾದರೆ ಸಮಿತಿಯ ಮುಂದಿರುವ ಅರ್ಜಿಯೂ ಬಿದ್ದುಹೋಗುತ್ತದೆ. ಚುನಾವಣೆ ಹತ್ತಿರವಿದ್ದರೆ ವಿಸರ್ಜನೆಯಾಗದ ರಾಜ್ಯಸಭೆಗೆ ಸಲ್ಲಿಸಿ. ಅಲ್ಲಿನ ಅರ್ಜಿ ಸಮಿತಿಯಲ್ಲಿ 10 ಸದಸ್ಯರಿರುತ್ತಾರೆ, ಅರ್ಜಿಯ ನಮೂನೆ ಆ ಸಭೆಯ ನಿಯಮಾವಳಿಯ ಅನುಬಂಧದಲ್ಲಿದೆ.