ಓದುಗರ ಪ್ರಶ್ನೆಗಳಿಗೆ ಉತ್ತರ: ಹೊಸ ವರ್ಷದ ತೀರ್ಮಾನಗಳನ್ನು ದೇವರ ಮುಂದೆ ಇಡುವುದು ಹೇಗೆ?

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಬರುವ ವರ್ಷ ಸತ್ಯವೇದವನ್ನು (ಬೈಬಲನ್ನು) ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸುತ್ತೇನೆಂದು ಪ್ರತಿ ಡಿಸೆಂಬರ್ 31ರ ರಾತ್ರಿಯ ಆರಾಧನೆಯಲ್ಲಿ ದೇವರಿಗೆ ಮಾತು ಕೊಡುತ್ತೇನೆ. ದಿನಕ್ಕೆ ಮೂರು ಅಧ್ಯಾಯಗಳಂತೆ ಜನವರಿಯೆಲ್ಲ ಓದು ಸಾಗುತ್ತದೆ; ಮೂರನೆಯ ಪುಸ್ತಕವಾದ ಯಾಜಕಕಾಂಡಕ್ಕೆ ಬಂದಾಗ ನಿಂತುಹೋಗುತ್ತದೆ. ಹರಕೆ ಮಾಡಿ ತೀರಿಸದೆ ಇರುವುದಕ್ಕಿಂತ ಹರಕೆಯನ್ನೇ ಮಾಡದಿರುವುದು ಒಳ್ಳೆಯದೆಂದು ಪ್ರಸಂಗಿಯ ಗ್ರಂಥದಲ್ಲಿ ಓದಿದ್ದೇನೆ. ಹಾಗಾದರೆ ಈ ಸಲ ಯಾವ ತೀರ್ಮಾನವನ್ನೂ ಮಾಡದೆ ಸುಮ್ಮನಿರುವುದೇ ಲೇಸಲ್ಲವೇ? — ಓದುಗರೊಬ್ಬರು, ಗದಗ

ಉತ್ತರ: ಸಹೋದರಿಯವರೇ, ದೇವರಿಗೆ ಕೊಟ್ಟ ಮಾತನ್ನು ಹಗುರವಾಗಿ ಎಣಿಸದ ನಿಮ್ಮ ಮನಸ್ಸನ್ನು ಮೊದಲು ಗೌರವಿಸುತ್ತೇನೆ. ಪ್ರಸಂಗಿ 5ನೆಯ ಅಧ್ಯಾಯದ 4 ಮತ್ತು 5ನೆಯ ವಚನಗಳು ಕೊಡುವ ಎಚ್ಚರಿಕೆ ನೀವು ಹೇಳಿದಂತೆಯೇ ಇದೆ. ಅದನ್ನು ಸಡಿಲಿಸುವ ಅಧಿಕಾರ ನನಗಿಲ್ಲ. ಆದರೆ ನಿಮ್ಮ ಓದು ನಿಂತುಹೋಗುವ ಆ ಯಾಜಕಕಾಂಡದ ಕೊನೆಯ ಅಧ್ಯಾಯವನ್ನು ದಯವಿಟ್ಟು ಒಮ್ಮೆ ತೆರೆದು ನೋಡಿ. 27ನೆಯ ಅಧ್ಯಾಯದ ಬಹುಭಾಗ ಹರಕೆಗಳನ್ನು ಕುರಿತದ್ದು. ವ್ಯಕ್ತಿಯೊಬ್ಬನನ್ನು ದೇವರಿಗೆ ಹರಕೆಯಾಗಿ ಒಪ್ಪಿಸಿದವರು ಎಷ್ಟು ಬೆಳ್ಳಿಯನ್ನು ತೆರಬೇಕೆಂಬುದನ್ನು ವಯಸ್ಸಿಗೆ ತಕ್ಕಂತೆ ಗೊತ್ತುಮಾಡಿದ ಮೇಲೆ, ಅಷ್ಟನ್ನು ಕೊಡಲಾರದ ಬಡವನಿದ್ದರೆ ಯಾಜಕನು ಅವನ ಶಕ್ತಿಯನ್ನು ನೋಡಿ ಬೆಲೆಯನ್ನು ನಿರ್ಣಯಿಸಬೇಕೆಂದು 8ನೆಯ ವಚನ ಹೇಳುತ್ತದೆ. ಹರಕೆಯನ್ನು ಇಷ್ಟು ಗಂಭೀರವಾಗಿ ಕಂಡ ಧರ್ಮಶಾಸ್ತ್ರವೇ ಹರಕೆ ಹೊತ್ತವನ ಕೈಯಲ್ಲಿ ಏನಿದೆಯೆಂಬುದನ್ನೂ ನೋಡಿ ಕನಿಕರಿಸಿತು. ಹೀಗಿರುವಾಗ ನೀವು ತೀರ್ಮಾನವನ್ನೇ ಕೈಬಿಡಬೇಕಾಗಿಲ್ಲ. ನಿಮ್ಮ ಶಕ್ತಿಗೆ ತಕ್ಕಂತೆ ಅದನ್ನು ಮತ್ತೆ ಗೊತ್ತುಮಾಡಿಕೊಂಡರೆ ಸಾಕು.

ಇನ್ನು ಲೆಕ್ಕಕ್ಕೆ ಬರೋಣ. ಪ್ರೊಟೆಸ್ಟೆಂಟ್ ಸಭೆಗಳು ಬಳಸುವ ಸತ್ಯವೇದದಲ್ಲಿ ಒಟ್ಟು 1189 ಅಧ್ಯಾಯಗಳಿವೆ. ಹಳೆಯ ಒಡಂಬಡಿಕೆಯಲ್ಲಿ 929, ಹೊಸ ಒಡಂಬಡಿಕೆಯಲ್ಲಿ 260. ದಿನಕ್ಕೆ ಮೂರರಂತೆ ಓದಿದರೆ ವರ್ಷದ ಕೊನೆಗೂ ಪುಸ್ತಕ ಮುಗಿಯುವುದಿಲ್ಲ. ಭಾನುವಾರಗಳಲ್ಲಿ ಐದು ಓದಿದರೆ ಮಾತ್ರ ಮುಗಿಯುತ್ತದೆ. ಜನವರಿ 1ರಂದು ಆದಿಕಾಂಡದಿಂದ ತೊಡಗಿದವರು ಜನವರಿ ಮುಗಿಯುವ ಹೊತ್ತಿಗೆ ವಿಮೋಚನಕಾಂಡವನ್ನು ದಾಟಿ ಯಾಜಕಕಾಂಡದ ಬಲಿವಿಧಿಗಳ ಮುಂದೆ ಬಂದು ನಿಲ್ಲುತ್ತಾರೆ. ಕ್ರಿಸ್ಮಸ್ ರಜೆಯ ಬಿಡುವು ಆಗ ಉಳಿದಿರುವುದಿಲ್ಲ. ನಿಮ್ಮ ಶಾಲೆಯಲ್ಲಿ ವಾರ್ಷಿಕ ಪರೀಕ್ಷೆಯ ಸಿದ್ಧತೆಯೂ ಅದೇ ಸಮಯಕ್ಕೆ ತೊಡಗುತ್ತದೆ. ಆದ್ದರಿಂದ ಪ್ರತಿ ಸಲ ಅಲ್ಲಿಯೇ ನಿಲ್ಲುವುದನ್ನು ಅವಿಶ್ವಾಸವೆಂದು ಕರೆದುಕೊಂಡು ನೊಂದುಕೊಳ್ಳಬೇಡಿ. ಓದುವ ಪ್ರಮಾಣ ಮತ್ತು ಸಮಯ ನಿಮ್ಮ ದಿನಚರಿಗೆ ಹೊಂದಿಲ್ಲ, ಅಷ್ಟೆ.

ಸ್ಕಾಟ್ಲೆಂಡಿನ ಡಂಡೀ ನಗರದ ಸಭಾಪಾಲಕರಾಗಿದ್ದ ರಾಬರ್ಟ್ ಮರ್ರೆ ಮೆಕ್‌ಚೇನ್ ಎಂಬವರು 1842ರ ಡಿಸೆಂಬರ್ ಕೊನೆಯಲ್ಲಿ ತಮ್ಮ ಸಭೆಯವರಿಗಾಗಿ ಒಂದು ವರ್ಷದ ಓದಿನ ಪಟ್ಟಿಯನ್ನು ಸಿದ್ಧಪಡಿಸಿದರು. ವರ್ಷದಲ್ಲಿ ಹಳೆಯ ಒಡಂಬಡಿಕೆಯನ್ನು ಒಮ್ಮೆ, ಹೊಸ ಒಡಂಬಡಿಕೆಯನ್ನೂ ಕೀರ್ತನೆಗಳನ್ನೂ ಎರಡು ಸಲ ಓದಿಸುವ ಆ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಆದರೆ ಅದರೊಂದಿಗೆ ಅವರು ಬರೆದ ಎಚ್ಚರಿಕೆಯ ಮಾತುಗಳನ್ನು ಓದುವವರು ಕಡಿಮೆ. ಓದು ಬರೀ ಆಚಾರವಾಗಬಹುದು, ಪಟ್ಟಿ ಮುಗಿಸಿದವರಲ್ಲಿ ಸ್ವನೀತಿಯ ಹೆಮ್ಮೆ ಬೆಳೆಯಬಹುದು, ಗಮನವಿಲ್ಲದೆ ಓದಿಕೊಂಡು ಹೋಗಬಹುದು, ಕೆಲವರಿಗೆ ಇದು ಹೊರಲಾರದ ನೊಗವಾಗಬಹುದು ಎಂದು ಪಟ್ಟಿ ಮಾಡಿದವರೇ ಎಚ್ಚರಿಸಿದ್ದರು. 1843ರ ಮಾರ್ಚ್‌ನಲ್ಲಿ, ಇನ್ನೂ 29ನೆಯ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಆ ವರ್ಷದ ಓದನ್ನು ಸ್ವತಃ ಅವರೇ ಮುಗಿಸಲಿಲ್ಲ. ಹಾಗೆಂದು ಅವರು ದೇವರಿಗೆ ಕೊಟ್ಟ ಮಾತಿಗೆ ತಪ್ಪಿದರೆಂದು ನಾವು ಯಾರೂ ಹೇಳುವುದಿಲ್ಲ.

ನನ್ನ ಸಲಹೆ ಇದು. ಹೊಸ ಒಡಂಬಡಿಕೆಯ 260 ಅಧ್ಯಾಯಗಳನ್ನು ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೆ ಒಂದರಂತೆ ಓದಿದರೆ 52 ವಾರಗಳಿಗೆ ಸರಿಯಾಗಿ ಮುಗಿಯುತ್ತದೆ. ತಪ್ಪಿಹೋದದ್ದನ್ನು ಶನಿವಾರ ಓದಿಕೊಳ್ಳಬಹುದು. ಭಾನುವಾರ ಹೇಗೂ ಸಭೆಯಲ್ಲಿ ವಾಕ್ಯವನ್ನು ಕೇಳುತ್ತೀರಿ. ಎಷ್ಟು ಓದಬೇಕೆಂಬುದರ ಜೊತೆಗೆ ಎಲ್ಲಿ, ಯಾವ ಹೊತ್ತಿನಲ್ಲಿ ಓದಬೇಕೆಂಬುದನ್ನೂ ಈಗಲೇ ನಿಶ್ಚಯಿಸಿಕೊಳ್ಳಿ. ಮನೆಯಲ್ಲಿ ಬೆಳಗಿನ ಹೊತ್ತು ತಿಂಡಿ, ಡಬ್ಬಿ, ಮಕ್ಕಳ ಸಮವಸ್ತ್ರ ಎಂದು ಕಳೆದುಹೋಗುವುದಾದರೆ, ಶಾಲೆಗೆ ಹತ್ತು ನಿಮಿಷ ಮೊದಲೇ ಹೋಗಿ, ಪ್ರಾರ್ಥನೆಯ ಗಂಟೆ ಹೊಡೆಯುವುದಕ್ಕೆ ಮುಂಚೆ ಖಾಲಿ ತರಗತಿಯಲ್ಲಿ ಕುಳಿತು ಒಂದು ಅಧ್ಯಾಯ ಓದುವುದು ಸಾಧ್ಯವೇ ನೋಡಿ. ಪಾಠ ಟಿಪ್ಪಣಿಯ ಪುಸ್ತಕದೊಂದಿಗೆ ಚಿಕ್ಕದೊಂದು ಹೊಸ ಒಡಂಬಡಿಕೆ ಚೀಲದಲ್ಲಿರಲಿ; ಓದಿದ ಅಧ್ಯಾಯದಿಂದ ಒಂದೇ ಒಂದು ವಾಕ್ಯವನ್ನು ದಿನಾಂಕದೊಂದಿಗೆ ಬರೆದಿಟ್ಟುಕೊಳ್ಳಿ. ಒಂದು ವಾರ ಪೂರ್ತಿ ತಪ್ಪಿಹೋದರೆ ಬಿಟ್ಟದ್ದನ್ನೆಲ್ಲ ಬಾಕಿಯಂತೆ ಗುಡ್ಡೆಹಾಕಿಕೊಳ್ಳದೆ ಅಂದಿನ ಅಧ್ಯಾಯದಿಂದಲೇ ಮುಂದುವರಿಯಿರಿ. ಯೆಹೋವನ ಕರುಣೆಯು ಮುಂಜಾನೆ ಮುಂಜಾನೆಗೂ ಹೊಸದಾಗಿರುತ್ತದೆಂಬ ಪ್ರಲಾಪಗಳ ಮಾತು ಜನವರಿ 1ರ ಮುಂಜಾನೆಗೆ ಮಾತ್ರ ಹೇಳಿದ್ದಲ್ಲ.

ಪ್ರಶ್ನೆ: ಕಳೆದ ವರ್ಷದ ಮೊದಲ ದಿನ ಸಭೆಯಲ್ಲಿ ನನಗೆ ಸಿಕ್ಕ ವಾಗ್ದಾನದ ಕಾರ್ಡಿನಲ್ಲಿ, ನಿಮಗೆ ಒಳ್ಳೆಯ ಗತಿಯನ್ನೂ ನಿರೀಕ್ಷೆಯನ್ನೂ ಕೊಡುವುದೇ ನನ್ನ ಆಲೋಚನೆಯೆಂದು ದೇವರು ಹೇಳುವ ಯೆರೆಮೀಯ 29:11 ಇತ್ತು. ಈ ವರ್ಷ ಸ್ವಂತ ಮನೆ ಆಗಲೇಬೇಕೆಂದು ಅದರ ಹಿಂದೆ ಬರೆದು ವಿಶ್ವಾಸದಿಂದ ಪ್ರಾರ್ಥಿಸಿದೆ. ಮನೆ ಆಗಲಿಲ್ಲ, ಕೈಸಾಲ ಬೆಳೆಯಿತು. ಹೆಚ್ಚು ಕಾಣಿಕೆ ಕೊಟ್ಟರೆ ದಾರಿ ತೆರೆಯುತ್ತದೆಂದು ಸ್ನೇಹಿತರು ಹೇಳುತ್ತಾರೆ. ಹೊಸ ವರ್ಷಕ್ಕೆ ಏನೆಂದು ಬರೆಯಲಿ? — ಓದುಗರೊಬ್ಬರು, ಕೋಲಾರ

ಉತ್ತರ: ಸಹೋದರರೇ, ಕಾರ್ಡಿನಲ್ಲಿ ಒಂದು ವಚನಕ್ಕಷ್ಟೇ ಜಾಗವಿರುತ್ತದೆ, ಯೆರೆಮೀಯನು ಬರೆದದ್ದು ಒಂದು ಪೂರ್ಣ ಪತ್ರ. ಅರಸನಾದ ನೆಬೂಕದ್ನೆಚ್ಚರನು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಯೊಯ್ದ ಜನರಿಗೆ ಅದು ಹೋಯಿತು. ನಿಮ್ಮ ವಚನಕ್ಕೆ ಹಿಂದಿನ 10ನೆಯ ವಚನದಲ್ಲಿ, ಬಾಬೆಲಿಗೆ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ಹಿಂದಕ್ಕೆ ಕರತರುವೆನೆಂದು ದೇವರು ಹೇಳುತ್ತಾರೆ. ಆ ಪತ್ರವನ್ನು ಕೇಳಿಸಿಕೊಂಡ ಎಷ್ಟೋ ಹಿರಿಯರು ಊರನ್ನು ಮತ್ತೆ ಕಾಣದೆಯೇ ಕಣ್ಣುಮುಚ್ಚಿರಬೇಕು. ಅವರಿಗೂ ಆ ವಾಗ್ದಾನ ಸಲ್ಲುತ್ತಿತ್ತು. ಅದೇ ಪತ್ರದ 5ರಿಂದ 7ರವರೆಗಿನ ವಚನಗಳು ಮನೆಗಳನ್ನು ಕಟ್ಟಿ ವಾಸಮಾಡಿರಿ, ತೋಟಗಳನ್ನು ಮಾಡಿಕೊಳ್ಳಿರಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂದು ಹೇಳುವುದರಿಂದ, ಮನೆ ಬೇಕೆಂಬ ನಿಮ್ಮ ಬಯಕೆಯನ್ನು ಲೌಕಿಕವೆಂದು ನಾನು ತಳ್ಳಿಹಾಕುವುದಿಲ್ಲ. ಅದನ್ನು ದೇವರ ಮುಂದೆ ಮುಚ್ಚುಮರೆಯಿಲ್ಲದೆ ಬೇಡಿಕೊಳ್ಳಿ. ಆದರೆ ದೇವರು ವರ್ಷದೊಳಗೆ ಮಾಡಿ ಮುಗಿಸಬೇಕಾದ ಕೆಲಸವನ್ನು ನಾವು ಬರೆದು ಅವರ ಕೈಗೆ ಕೊಡುವುದು ಸರಿಯಲ್ಲ. ಇಂತಿಂಥ ಪಟ್ಟಣಕ್ಕೆ ಹೋಗಿ ಒಂದು ವರ್ಷವಿದ್ದು ಲಾಭ ಗಳಿಸುವೆವು ಎನ್ನುವವರಿಗೆ, ಕರ್ತನ ಚಿತ್ತವಾದರೆ ಎಂದು ಸೇರಿಸಿ ಮಾತಾಡಿರೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಹೇಳಿದ್ದು ಇದಕ್ಕಾಗಿಯೇ.

ಸಾಲವಿರುವಾಗ ದಾರಿ ತೆರೆಯಲೆಂದು ಹೆಚ್ಚು ಕಾಣಿಕೆ ಹಾಕಬೇಕೆಂಬ ಸಲಹೆಯನ್ನು ನಾನು ಸ್ಪಷ್ಟವಾಗಿ ವಿರೋಧಿಸುತ್ತೇನೆ. ಯಾರಿಗೂ ಏನೂ ಸಾಲವಿಟ್ಟುಕೊಳ್ಳಬೇಡಿರೆಂದು ರೋಮಾಪುರದವರಿಗೆ ಬರೆದ ಪೌಲನೇ, ಕೊಡುವವನ ಬಳಿ ಇರುವುದಕ್ಕೆ ತಕ್ಕಂತೆ ಕಾಣಿಕೆ ಸ್ವೀಕಾರವಾಗುತ್ತದೆ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲವೆಂದು ಕೊರಿಂಥದವರಿಗೆ ಬರೆದಿದ್ದಾನೆ. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ನಡೆದುಬಂದಿರುವ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಅನ್ನಕ್ಕೆ ಇಡುವ ಪ್ರತಿ ಸಲವೂ ಮನೆಯ ಹೆಂಗಸರು ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ತೆಗೆದು ಬೇರೆ ಪಾತ್ರೆಗೆ ಹಾಕುತ್ತಾರೆ. ಹೀಗೆ ಕೂಡಿದ ಅಕ್ಕಿಯನ್ನು ಸಭೆಯವರು ಸಂಗ್ರಹಿಸಿ ಮಾರಿ, ಬಂದ ಹಣವನ್ನು ಸುವಾರ್ತಾಸೇವೆಗೆ ಬಳಸುತ್ತಾರೆ. ಬಡ ಮನೆಗೂ ಭಾರವಾಗದ ಈ ಹಿಡಿಯಕ್ಕಿಯಿಂದ ದೊಡ್ಡ ಸೇವೆಗಳು ನಡೆದಿವೆ. ನೀವೂ ಹೊಸ ವರ್ಷಕ್ಕೆ ಇಷ್ಟನ್ನು ಬರೆಯಿರಿ: ಯಾರಿಗೆ ಎಷ್ಟು ಕೊಡಬೇಕೆಂಬುದನ್ನು ಮನೆಯವರೊಂದಿಗೆ ಕುಳಿತು ಒಂದು ಹಾಳೆಯಲ್ಲಿ ಬರೆಯುವುದು, ತಿಂಗಳಿಗೆ ಇಂತಿಷ್ಟು ತೀರಿಸುವುದು, ಹೊಸ ಕೈಸಾಲ ಮಾಡದಿರುವುದು, ಚಿಕ್ಕದಾದರೂ ಒಂದು ಕಾಣಿಕೆಯನ್ನು ತಪ್ಪದೆ ಎತ್ತಿಡುವುದು. ಸಾಲದ ಹಾಳೆಯನ್ನು ನಂಬಿಕೆಯ ಹಿರಿಯರೊಬ್ಬರಿಗೆ ತೋರಿಸಲು ಸಂಕೋಚಪಡಬೇಡಿ. ಸಾಲ ಕೊಟ್ಟವರ ಮುಖ ತಪ್ಪಿಸಿ ಬೇರೆ ಬೀದಿಯಲ್ಲಿ ಹೋಗುವುದನ್ನು ಬಿಟ್ಟು, ಗಡುವಿಗೆ ಮೊದಲೇ ಅವರ ಮನೆಗೆ ಹೋಗಿ ಸ್ವಲ್ಪವಾದರೂ ಕೊಟ್ಟು ಬರುವುದು ವಿಶ್ವಾಸಿಗೆ ತಕ್ಕ ಗುರಿಯೇ ಆಗಿದೆ.

ಪ್ರಶ್ನೆ: ನಾನು ಹಾಸ್ಟೆಲಿನಲ್ಲಿರುವ ವಿದ್ಯಾರ್ಥಿ. ನನ್ನ ಆತ್ಮಿಕ ಗುರಿಗಳನ್ನು ಯುವಜನರ ಕೂಟದಲ್ಲಿ ಎಲ್ಲರ ಮುಂದೆ ಹೇಳಬೇಕೇ, ಅಥವಾ ಗುಪ್ತವಾಗಿ ಇಟ್ಟುಕೊಳ್ಳಬೇಕೇ? — ಓದುಗರೊಬ್ಬರು, ಮೈಸೂರು

ಉತ್ತರ: ಪ್ರಾರ್ಥನೆ, ದಾನ, ಉಪವಾಸ ಈ ಮೂರನ್ನೂ ಜನರಿಗೆ ಕಾಣಿಸಲೆಂದು ಮಾಡಬೇಡಿರೆಂದು ಯೇಸು ಸ್ವಾಮಿ ಮತ್ತಾಯ 6ರಲ್ಲಿ ಹೇಳಿರುವುದರಿಂದ, ಈ ಮೂರಕ್ಕೆ ಸೇರಿದ ಗುರಿಗಳು ಕೂಟದ ಮೈಕಿನ ಮುಂದೆ ಬರಬೇಕಾಗಿಲ್ಲ. ಎಲ್ಲರೂ ಕೂಡಿ ಹೇಳಬೇಕಾದದ್ದಕ್ಕೆ ಸಭೆಯಲ್ಲಿ ಬೇರೆ ಸ್ಥಳವಿದೆ. ಮೆಥೊಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿ 1755ರ ಆಗಸ್ಟ್‌ನಲ್ಲಿ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ನಡೆಸಿದ ಒಡಂಬಡಿಕೆಯ ಆರಾಧನೆ, ಅಂದರೆ ಸಭೆಯವರೆಲ್ಲ ಕೂಡಿ ತಮ್ಮನ್ನು ದೇವರಿಗೆ ಒಪ್ಪಿಸಿಕೊಳ್ಳುವ ಆರಾಧನೆ, ಮುಂದೆ ಹೊಸ ವರ್ಷದ ಆರಾಧನೆಯಾಗಿ ಬೆಳೆಯಿತು. ನನ್ನನ್ನು ಕೆಲಸಕ್ಕೆ ಹಚ್ಚಿದರೂ ಬದಿಗಿಟ್ಟರೂ ನಾನು ನಿನ್ನವನೇ ಎಂಬ ಭಾವದ ಅದರ ಪ್ರಾರ್ಥನೆಯಲ್ಲಿ ಯಾರ ಸಾಧನೆಯ ಪಟ್ಟಿಯೂ ಇಲ್ಲ. ಆದರೆ ಪೂರ್ತಿ ಗುಪ್ತವಾಗಿಟ್ಟ ಗುರಿ ಸದ್ದಿಲ್ಲದೆ ಬಿದ್ದುಹೋಗುವುದೂ ಉಂಟು. ಆದ್ದರಿಂದ ಒಬ್ಬರಿಗೆ ಹೇಳಿ: ನಿಮ್ಮನ್ನು ಹೊಗಳದೆ ವಿಚಾರಿಸುವ ಒಬ್ಬ ಸ್ನೇಹಿತನಿಗೆ ಅಥವಾ ಸಭಾಪಾಲಕರಿಗೆ. ತಿಂಗಳಿಗೊಮ್ಮೆ ಅವರು ನಿಮ್ಮನ್ನು ಕೇಳಲಿ, ನೀವೂ ಅವರನ್ನು ಕೇಳಿ. ನಿಮ್ಮ ಗುರಿಗಳಲ್ಲಿ ಒಂದಾದರೂ ಇನ್ನೊಬ್ಬರಿಗೆ ಉಪಯೋಗವಾಗುವಂಥದ್ದಿರಲಿ. ಹಾಸ್ಟೆಲಿನಲ್ಲಿ ಜ್ವರ ಬಂದು ಮಲಗಿದವನಿಗೆ ಮೆಸ್ಸಿನಿಂದ ಗಂಜಿ ತಂದುಕೊಡುವುದು, ಲೆಕ್ಕದಲ್ಲಿ ಹಿಂದುಳಿದ ಕಿರಿಯನೊಂದಿಗೆ ವಾರಕ್ಕೊಂದು ಸಂಜೆ ಕುಳಿತುಕೊಳ್ಳುವುದು ಇಂಥವು. ಇವನ್ನು ನೀವು ಯಾರಿಗೂ ಹೇಳದೆಯೇ ತೊಡಗಬಹುದು.